ಬೆರಳಿಗೆ ಸಿಕ್ಕ ನರ

೧೦ ಜೂನ್ ೨೦೨೫, ಮಂಗಳವಾರ

"ಏಳು ವರ್ಷ ಮನ್ಯಾಗ ಕುಂತೀರಿ ಫರಹತ ಸಿಸ್ಟರ್, ಟಚ್ ಹೋಗಿರ್ತದ." ನಾನು ಮತ್ತೆ ಆಸ್ಪತ್ರೆ ಕೆಲಸಕ್ಕೆ ಸೇರಿದ ದಿನ, ನಮ್ಮ ವಾರ್ಡಿನ ಗಂಡು ನರ್ಸ್, ಬ್ರದರ್ ಅಜಯಕುಮಾರ ಎಲ್ಲರೆದುರು ಅಂದಿದ್ದ ಈ ಮಾತು ವಾರದಿಂದ ಕೊರೆಯುತ್ತಿತ್ತು.

ಇವತ್ತು ವಾಂತಿಯಾಗಿ ಸುಸ್ತಾಗಿದ್ದ ಆಡಕಿ ಊರಿನ ಮುದುಕಿ ಭೀಮಬಾಯಿಯನ್ನು ಕರೆತಂದರು. ಸಲೈನ್ ಹಾಕಲು ಅಜಯಕುಮಾರ ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ. ಆಕೆಯ ಕಣ್ಣುಗಳು ತೇಲುತ್ತಿದ್ದವು.

"ಸ್ವಲ್ಪ ಆ ಕಡಿ ಸರೀರಿ, ನಾ ನೋಡ್ತೀನಿ" ಎಂದೆ. ಕಣ್ಣು ಮುಚ್ಚಿ ಆಕೆಯ ಮೊಣಕೈಯ ಒಳಭಾಗವನ್ನು ಬೆರಳಿನಿಂದ ತಡವಿದೆ. ಚರ್ಮದಡಿ ನೂಲಿನಷ್ಟು ಸಣ್ಣದೇನೋ ಮೆತ್ತಗೆ ಪುಟಿಯಿತು. ಒಂದೇ ಸಲಕ್ಕೆ ಸೂಜಿ ಸರಿಯಾಗಿ ಕೂತಿತು.

ಟಚ್ ಎಂದರೆ ಅವನಿಗೆ ರೂಢಿ. ನನಗೆ ಈ ಬೆರಳ ತುದಿ. ಇದು ಎಲ್ಲಿಗೂ ಹೋಗಿರಲಿಲ್ಲ.

ಸಂಜೆ ಭೀಮಬಾಯಿ ಎದ್ದು ಕೂತು ಹೇಳಿದಳು, "ಯವ್ವಾ, ನೀ ಮುಟ್ಟಿದ್ದು ಗೊತ್ತಾತು, ಸೂಜಿ ಗೊತ್ತಾಗಲಿಲ್ಲ."

ಬಾಗಿಲಲ್ಲಿ ಅಜಯಕುಮಾರ ನಿಂತಿದ್ದ. ಅವನಿಗೂ ಕೇಳಿಸಿತು.