ಸಲೀಸಾಗಿ ಕೂತ ಸುತ್ತುಗಳು

ಜೂನ್ 2, ಸೋಮವಾರ. ಮಧ್ಯಾಹ್ನ

ಬೆಳಿಗ್ಗೆಯಿಂದ ರಿಪೇರಿಗೆ ಎರಡು ಮಿಕ್ಸಿ, ಒಂದು ಟೇಬಲ್ ಫ್ಯಾನು. ಫ್ಯಾನಿನ ಮೋಟಾರಿಗೆ ಏನೂ ಆಗಿರಲಿಲ್ಲ, ಕೆಪಾಸಿಟರ್ ಸತ್ತಿತ್ತು. ಒಂದು ಮಿಕ್ಸಿ ಬಾಡಿ ಶಾರ್ಟು, ಕರೆಂಟು ಕಬ್ಬಿಣದ ಮೈಗೆ ಸೋರುತ್ತಿತ್ತು. ಸೀರೀಸ್ ಬಲ್ಬಿನ ಒಂದು ತಂತಿ ಕಾಯಿಲಿಗೆ, ಇನ್ನೊಂದು ಕಬ್ಬಿಣಕ್ಕೆ ಮುಟ್ಟಿಸಿದೆ — ಹತ್ತಬಾರದ ಬಲ್ಬು ಜಗ್ಗನೆ ಹತ್ತಿತು. ಪಕ್ಕಕ್ಕಿಟ್ಟೆ.

ಅಷ್ಟರಲ್ಲಿ ತಂಗಿ. ಕೈಯಲ್ಲಿ ಗೋಣಿಚೀಲ, ಅದರಲ್ಲಿ ಅವಳ ಲಾಂಡ್ರಿ ಮೆಷಿನ್ನಿನ ಮೋಟಾರು. ಬಾಗಿಲಿಗೇ ಸುಟ್ಟ ವಾಸನೆ.

"ಇದನ್ನ ನೋಡಕ್ಕ. ಮೂರನೇ ಸಲ ಸುಟ್ಟಿದೆ."

"ಮೊದಲೆರಡು ಸಲ ಅಕ್ಕನ ನೆನಪಾಗಲಿಲ್ವಾ?"

"ನೀನು ಮಿಕ್ಸಿ ಗಿಕ್ಸಿ ಮಾಡೋಳು ಅಂದ್ಕೊಂಡೆ."

"ಗಿಕ್ಸಿನೂ ಮಾಡ್ತೀನಿ. ಇಡು ಕೆಳಗೆ."

ಮೊದಲ ಸಲ ಸುಟ್ಟಿದ್ದು ಆರು ವರ್ಷ ಓಡಿದ ಮೇಲೆ. ಅದು ನ್ಯಾಯ. ಪೇಟೆಯಲ್ಲಿ ಹೊಸ ತಂತಿ ಸುತ್ತಿಸಿ ವೈಂಡಿಂಗ್ ಮಾಡಿಸಿದಳು, ನಾಲ್ಕು ತಿಂಗಳಿಗೆ ಹೋಯಿತು. ಬೇರೆ ಅಂಗಡಿಗೆ ಕೊಟ್ಟಳು, ಅದೂ ಅಷ್ಟೇ. ಇರುವುದೊಂದೇ ಮೆಷಿನ್ನು. ನರ್ಸಿಂಗ್ ಹೋಮಿನ ಬೆಡ್‌ಶೀಟು ಕೈಯಲ್ಲಿ ಒಗೆಯುವಷ್ಟು ಗಟ್ಟಿ ಮಂಡಿ ಅವಳದ್ದಲ್ಲ ಈಗ. ಅವಳ ಅಳಿಯ ಮೆಷಿನ್ನಿಗೆ ಗಿರಾಕಿ ನೋಡಿದ್ದಾನಂತೆ. ಹದಿನೈದನೇ ತಾರೀಖು ಭಾನುವಾರ ಬಂದು ಅದನ್ನೂ ಸಾಗಿಸಿ ಅತ್ತೆಯನ್ನೂ ಕರೆದುಕೊಂಡು ಹೋಗುತ್ತಾನೆ.

"ಹೋಗೋಕೆ ಮನಸ್ಸಿದೆಯೇನೇ?"

"ಮಗಳು ಒಳ್ಳೇವಳೇ, ಅಳಿಯನೂ ಒಳ್ಳೇವನೇ. ಕೂರಿಸಿ ಊಟ ಹಾಕ್ತಾರಕ್ಕ," ಅಂದಳು. ಜೈಲಿಗೆ ಹೊರಟವಳ ಮುಖ.

ಜೂನ್ 3, ಮಂಗಳವಾರ

ಬಿಚ್ಚಿದೆ. ಕಾಯಿಲು ಕರಕಲು. ಕತ್ತರಿಸಿ ಎಳೆ ಎಳೆಯಾಗಿ ಎಣಿಸಿದೆ, ಮತ್ತೊಮ್ಮೆ ಎಣಿಸಿದೆ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಎಷ್ಟು ಸುತ್ತು ಇತ್ತೋ ಅಷ್ಟೇ, ಅದೇ ದಪ್ಪದ ಹೊಸ ತಂತಿ ಸುತ್ತಿ ತುಂಬಿದೆ.

ಈ ಮೋಟಾರು ಎಡಕ್ಕೂ ತಿರುಗಬೇಕು ಬಲಕ್ಕೂ ತಿರುಗಬೇಕು. ಹಾಗಾಗಿ ಒಳಗಿನ ಎರಡು ವೈಂಡಿಂಗು ಅವಳಿಜವಳಿ, ಮೀಟರಿನಲ್ಲಿ ಎರಡೂ ಒಂದೇ ತೋರಿಸಬೇಕು. ತೋರಿಸಿದವು. ಸೋರಿಕೆ ನೋಡುವ ಮೆಗ್ಗರ್ ಹಚ್ಚಿದೆ. ಮೋಟಾರಿನ ಮೈಗೆ ಎಲ್ಲೂ ಸೋರಿಕೆಯಿಲ್ಲ.

ಕಾಯಿಲು ಕಬ್ಬಿಣದ ಸಂದಿಗಳಿಗೆ, ಸ್ಲಾಟಿನೊಳಗೆ, ಸಲೀಸಾಗಿ ಇಳಿದಿದ್ದವು, ಬೆಣ್ಣೆಗೆ ಚಾಕು ಇಳಿದ ಹಾಗೆ. ಸಂಜೆಗೇ ವಾರ್ನಿಷ್ ಹಾಕಿ ನೇತುಹಾಕಿದೆ. ಕೈ ಇನ್ನೂ ಹೇಳಿದ ಮಾತು ಕೇಳುತ್ತಿದೆ ಅಂತ ಒಳಗೊಳಗೇ ಬೀಗಿದೆ.

ಜೂನ್ 5, ಗುರುವಾರ. ಸಂಜೆ

ಒಣಗಿದೆ. ಬೆಂಚಿನ ಮೇಲಿಟ್ಟು ಕರೆಂಟು ಕೊಟ್ಟೆ. ತಿರುಗಿತು. ನಮ್ಮನೆಯವರು ಪೇಪರಿನಿಂದ ತಲೆ ಎತ್ತಿ, "ಗಾಡಿ ಬಿಡಬಹುದಾ?" ಅಂದರು. ಬಸ್ಸಿನ ಸ್ಟಿಯರಿಂಗ್ ಬಿಟ್ಟು ವರ್ಷಗಳಾದವು, ಬಾಯಿ ಇನ್ನೂ ಡ್ಯೂಟಿಯಲ್ಲಿದೆ.

ಅರ್ಧ ಗಂಟೆಗೆ ಮೋಟಾರಿನ ಮೈ ಮುಟ್ಟಲಾಗಲಿಲ್ಲ. ಒಂದು ಕರವಸ್ತ್ರದ ಭಾರವೂ ಇಲ್ಲ ಅದರ ಮೇಲೆ, ಕ್ಲಾಂಪ್ ಮೀಟರು ನೋಡಿದರೆ ಮೆಷಿನ್ ತುಂಬ ಬಟ್ಟೆ ಹಾಕಿದಷ್ಟು ಕರೆಂಟು ಎಳೆಯುತ್ತಿದೆ. ಆಫ್ ಮಾಡಿ ಮತ್ತೆಲ್ಲ ಟೆಸ್ಟು. ಎರಡೂ ವೈಂಡಿಂಗು ಸಮ. ಬಾಡಿ ಶಾರ್ಟಿಲ್ಲ. ಎಲ್ಲದರಲ್ಲೂ ಪಾಸು, ಆದರೂ ಮೈಯೆಲ್ಲ ಜ್ವರ…

ತಂಗಿ ಫೋನ್ ಮಾಡಿದಳು. "ಒಣಗ್ತಾ ಇದೆ ಕಣೇ," ಅಂದೆ.

ಜೂನ್ 9, ಸೋಮವಾರ. ಮಧ್ಯಾಹ್ನ

ಮೂರು ದಿನ ಬರೆಯುವ ಮನಸ್ಸಾಗಲಿಲ್ಲ. ಬೇರಿಂಗ್ ಬದಲಾಯಿಸಿದೆ, ಕೆಪಾಸಿಟರ್ ಬದಲಾಯಿಸಿದೆ. ಜ್ವರ ಇಳಿಯಲಿಲ್ಲ.

ತಂಗೀ, ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತೇನೆ. ನಿನ್ನ ಮೋಟಾರು ನನಗೆ ಅರ್ಥವಾಗುತ್ತಿಲ್ಲ. ಹೀಗೇ ಕೊಟ್ಟರೆ ಇವತ್ತು ತಿರುಗುತ್ತದೆ, ನಾಲ್ಕು ತಿಂಗಳಿಗೆ ಹೊಗೆ. ಆಮೇಲೆ ನೀನು ಹೋದೆ ಅಂದರೆ ಹೋದೆ. ವಾರಕ್ಕೊಮ್ಮೆ ಬಂದು ನನ್ನ ಬೆಂಚನ್ನು ಬೈಯಲು ಯಾರಿದ್ದಾರೆ.

ಅದೇ ದಿನ, ಸಂಜೆ

ಟೀ ಕುಡಿಯುವಾಗ ಇವರು ಸುಮ್ಮನೆ ಅಂದರು:

"ಈ ಸಲ ಬೈಗುಳವೇ ಕೇಳಲಿಲ್ಲ ನೋಡು."

"ಯಾವ ಬೈಗುಳ?"

"ಪ್ರತಿ ಸಲ ಕಾಯಿಲ್ ತುಂಬುವಾಗ ಕಂಪನಿಯವರ ವಂಶವನ್ನೇ ಜಾಲಾಡ್ತೀಯಲ್ಲ. ಮೊನ್ನೆ ನೀನು ತುಂಬ್ತಾ ಇದ್ದೆ, ನಾನು ಇಲ್ಲೇ ನಿದ್ದೆ ಮಾಡಿದೆ. ಅಷ್ಟು ಶಾಂತಿ."

ಲೋಟ ಕೆಳಗಿಟ್ಟೆ.

ಕಂಪನಿಯ ಮೋಟಾರಿನಲ್ಲಿ ಸ್ಲಾಟು ಯಾವತ್ತೂ ಖಾಲಿ ಬಿಟ್ಟಿರುವುದಿಲ್ಲ. ತಂತಿ ತುರುಕಿ ತುರುಕಿ ಹೆಬ್ಬೆರಳು ಕೆಂಪಾಗಬೇಕು. ಇದರಲ್ಲಿ ಸಲೀಸಾಗಿ ಕೂತಿತು, ನಾನು ಬೀಗಿದೆ. ನಾನು ಎಣಿಸಿದ್ದು ಕಂಪನಿಯ ಸುತ್ತಲ್ಲ, ನನಗಿಂತ ಹಿಂದಿನವನು ಹಾಕಿದ ಸುತ್ತು. ಅವನೂ ಅವನ ಹಿಂದಿನವನದ್ದನ್ನು ಎಣಿಸಿ ಹಾಕಿದ್ದ. ಮೊದಲನೆಯವನು ಎಲ್ಲೋ ಕಡಿಮೆ ಮಾಡಿದ, ಉಳಿದವರು ಮಕ್ಕಿಕಾಮಕ್ಕಿ. ಸಾಲಿನಲ್ಲಿ ಮೂರನೆಯವಳು ನಾನು. ಎರಡು ವೈಂಡಿಂಗಿನಲ್ಲೂ ಸಮನಾಗಿ ಕಡಿಮೆ, ಅದಕ್ಕೇ ಮೀಟರು ಸುಮ್ಮನಿತ್ತು. ಸುತ್ತು ಸಾಲದೆ ಕರೆಂಟು ಹೆಚ್ಚು ಎಳೆದು ತನ್ನನ್ನೇ ಸುಟ್ಟುಕೊಳ್ಳುತ್ತಿದೆ ಬಡಪಾಯಿ.

ಸರಿ. ನಿಜವಾದ ಲೆಕ್ಕ ಎಲ್ಲಿಂದ ತರುವುದು?

ಜೂನ್ 11, ಬುಧವಾರ

ನಿನ್ನೆ ಇವತ್ತು ಗುಜರಿ ಅಂಗಡಿಗಳ ಪ್ರದಕ್ಷಿಣೆ. ಕೊನೆಯದರಲ್ಲಿ ಅದೇ ಕಂಪನಿ, ಅದೇ ಮಾಡೆಲ್ಲು. ತುಕ್ಕು ಹಿಡಿದು ಶಾಫ್ಟು ಕಚ್ಚಿಕೊಂಡಿದೆ, ಆದರೆ ಒಳಗಿನ ಕಾಯಿಲಿಗೆ ಕಂಪನಿಯ ದಾರ, ಕಂಪನಿಯ ವಾರ್ನಿಷ್. ಯಾರ ಕೈಯೂ ಬಿದ್ದಿಲ್ಲ.

"ಅಜ್ಜಿ, ಅದು ತಿರುಗಲ್ಲ," ಅಂದ ಗುಜರಿಯವನು.

"ತಿರುಗೋದು ಬೇಡಪ್ಪ, ನಂಗೆ ಎಣಿಸೋಕೆ ಬೇಕು."

"ಎಣಿಸೋಕಾ? ಒಂದೇ ಇರೋದು."

ಮನೆಗೆ ತಂದು ಕತ್ತರಿಸಿದೆ. ನಾನು ಒಂದು ಕಡೆ, ಇವರು ಒಂದು ಕಡೆ ಕೂತು ಎಣಿಸಿದೆವು. ಗೋಡೆಯ ಮೇಲಿನ ಸಂಖ್ಯೆಗಿಂತ ಪ್ರತಿ ಕಾಯಿಲಿಗೂ ಹತ್ತಿರ ಹತ್ತಿರ ಕಾಲು ಪಾಲು ಹೆಚ್ಚು. ಗೋಡೆಯದನ್ನು ಅಂಗೈಯಲ್ಲೇ ಒರೆಸಿದೆ.

ಹಾಕಿದ್ದನ್ನೆಲ್ಲ ಕಿತ್ತು ಹೊಸದಾಗಿ ಸುತ್ತಿದೆ. ಕೊನೆಯ ಎಳೆಗಳು ಸ್ಲಾಟಿಗೆ ಇಳಿಯಲೊಲ್ಲವು. ಸ್ಲಾಟಿಗೆ ಹಾಸಿದ ಪೇಪರು ಹರಿಯುತ್ತದೆ, ಉಗುರು ಸೀಳುತ್ತದೆ. ಬಾಯಿಗೆ ಬಂದದ್ದೆಲ್ಲ ಅಂದೆ.

"ಹಾಂ, ಈಗ ಕೆಲಸ ಸರಿಯಾಗಿ ಆಗ್ತಿದೆ," ಅಂತ ಇವರು ಎದ್ದು ಟೀಗೆ ನೀರಿಟ್ಟರು.

ಜೂನ್ 13, ಶುಕ್ರವಾರ

ಬೆಂಚಿನ ಮೇಲೆ ಒಂದು ಗಂಟೆ ಓಡಿಸಿದೆ. ಕರೆಂಟು ಅರ್ಧಕ್ಕೂ ಕೆಳಗೆ. ಮೈ ಮುಟ್ಟಿದೆ, ಎಳೆ ಮಗುವಿನ ಬೆನ್ನಿನಷ್ಟು ಬೆಚ್ಚಗೆ. ಕುಣಿಯುವ ಹಾಗಾಯಿತು, ಕುಣಿಯಲಿಲ್ಲ. ಖಾಲಿ ಓಡುವುದು ಬೇರೆ, ಒದ್ದೆ ಬೆಡ್‌ಶೀಟು ಹೊತ್ತು ಓಡುವುದು ಬೇರೆ. ತಂಗಿಗೆ ಇಷ್ಟೇ ಹೇಳಿದೆ: "ನಾಳೆ ಬರ್ತೀನಿ. ಇರೋ ಬಟ್ಟೆಯೆಲ್ಲ ನೆನೆಸಿಡು."

ಜೂನ್ 14, ಶನಿವಾರ. ತಂಗಿಯ ಲಾಂಡ್ರಿಯಲ್ಲಿ

ಬಕೆಟ್ಟು ಬೋರಲು ಹಾಕಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಮೋಟಾರು ಕೂರಿಸಿದೆ. ಒಂದಾದ ಮೇಲೊಂದು, ಇದು ನಾಲ್ಕನೇ ಹೊರೆ. ಎಡಕ್ಕೆ ತಿರುಗಿ, ನಿಂತು, ಬಲಕ್ಕೆ.

ತಂಗಿ ಈ ಕಡೆ ತಲೆ ಹಾಕಲಿಲ್ಲ. ಒಳಗೆ ತನ್ನ ಬಟ್ಟೆ ಮಡಚಿ ಮಡಚಿ ಪೆಟ್ಟಿಗೆಗೆ ಇಡುತ್ತಿದ್ದಳು. ಭಾನುವಾರ ಅಂದರೆ ನಾಳೆ.

ಈಗ ನರ್ಸಿಂಗ್ ಹೋಮಿನ ಆಯಾ ಬಂದಳು, ಬಗಲಲ್ಲಿ ದೊಡ್ಡ ಗಂಟು. "ನೀವು ಬಿಡ್ತೀರಂತೆ, ಗೊತ್ತು. ಆದ್ರೂ ಕೇಳಿ ನೋಡೋಣ ಅಂತ ಬಂದೆ."

ತಂಗಿ ಹೊರಗೆ ಬಂದಳು. ಗಂಟು ನೋಡಿದಳು. ನನ್ನ ನೋಡಿದಳು.

"ಸುಡುತ್ತಾ?"

"ನನ್ನ ಯಾಕೆ ಕೇಳ್ತೀಯ? ಕೈ ನಿಂದಿದೆ."

ಸ್ವಿಚ್ ಆಫ್ ಮಾಡಿ, ಹಿಂದಿನ ಮುಚ್ಚಳ ಸರಿಸಿ, ಬಗ್ಗಿ ಮೋಟಾರಿನ ಮೇಲೆ ಅಂಗೈ ಇಟ್ಟಳು. ತಕ್ಷಣ ತೆಗೆಯಲು ಸಿದ್ಧವಾಗಿಯೇ ಇಟ್ಟಳು. ತೆಗೆಯಲಿಲ್ಲ. ಹಾಗೇ ಒತ್ತಿ ಹಿಡಿದಳು.

ಮುಚ್ಚಳ ಹಾಕಿ, ಸ್ವಿಚ್ಚು ಒತ್ತಿ, ಬೆನ್ನು ನೆಟ್ಟಗೆ ಮಾಡಿಕೊಂಡು ಆಯಾಗೆ ಹೇಳಿದಳು: "ಇಟ್ಟು ಹೋಗಿ. ಬುಧವಾರ ಬನ್ನಿ."

ಬುಧವಾರ ಅಂದಳು. ಭಾನುವಾರ ದಾಟಿ ಮೂರು ದಿನ. ನಾಳೆ ಬರಬೇಡ ಅನ್ನಲು ಅಳಿಯನಿಗೆ ಫೋನ್ ಹಚ್ಚಿದ್ದಾಳೆ, ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು. ಕೈಯಲ್ಲಿ ಒದ್ದೆ ಬೆಡ್‌ಶೀಟು. "ಅಕ್ಕಾ, ಬರೆದಿದ್ದು ಸಾಕು, ಈ ತುದಿ ಹಿಡ್ಕೋ" ಅಂತ ಕೂಗುತ್ತಿದ್ದಾಳೆ.