ಬಿಸಿ ಪಿನ್ನುಗಳ ಮೇಲೆ ನನ್ನ ಮೊಹರು

ಹೆಲಿಕಾಪ್ಟರ್ ಬಿಡಿಭಾಗಗಳಿಗೆ ಅರ್ಹತಾಪತ್ರ ಕೊಡುವ ಮಾನ್ಯ ಮುಖ್ಯಾಧಿಕಾರಿಗಳೇ,

ನಾನು ತಪ್ಪು ಮಾಡಿದ್ದೇನೆ. ಅದನ್ನು ಕೇಳಿಸಿಕೊಳ್ಳುವವರೇ ಸಿಗದೆ ಪತ್ರಿಕೆಯ ಮೊರೆ ಹೊಕ್ಕಿದ್ದೇನೆ. ನಲವತ್ತೆಂಟು ಪಿನ್ನುಗಳನ್ನು ಬಿಸಿಯಿರುವಾಗಲೇ ಅಳೆದು, ‘ಸರಿಯಿದೆ’ ಎಂದು ಮೊಹರು ಒತ್ತಿದವಳು ನಾನು. ಅವು ಈಗ ಯಾರದೋ ತಲೆಯ ಮೇಲೆ ತಿರುಗುವ ರೆಕ್ಕೆಗಳನ್ನು ಹಿಡಿದುಕೊಂಡಿವೆ.

ಬಿಸಿ ಲೋಹ ಹಿಗ್ಗಿರುತ್ತದೆ. ಇದು ಶಾಲೆಯ ಪಾಠ. ಬಿಸಿಯಲ್ಲಿ ಸರಿಯಾಗಿ ಕಂಡ ಪಿನ್ನು ತಣಿದ ಮೇಲೆ ಕೂದಲೆಳೆಯ ಕಾಲುಭಾಗ ಸಣ್ಣದಾಗಿ, ತೂತಿನಲ್ಲಿ ಅಲ್ಲಾಡುತ್ತದೆ. ಹತ್ತೊಂಬತ್ತು ವರ್ಷ ನಾನು ಬಿಸಿನೀರಲ್ಲಿ ತೊಳೆದು ಬಂದ ಪಿನ್ನುಗಳನ್ನು ಕಲ್ಲುಮೇಜಿನ ಮೇಲೆ ನಾಲ್ಕು ಗಂಟೆ ಬಿಟ್ಟೇ ಅಳೆಯುತ್ತಿದ್ದೆ. ಮೊದಮೊದಲು ನಮ್ಮದು ತಗಡಿನ ಶೆಡ್ಡು, ನಾಲ್ಕು ಯಂತ್ರ. ಯಜಮಾನರೇ ಬಂದು, “ತಣೀತಾ ಅಕ್ಕ?” ಎಂದು ವಿಚಾರಿಸುತ್ತಿದ್ದರು. ಈಗ ಗಾಜಿನ ಕಟ್ಟಡ, ಮೂರು ಪಾಳಿ, ಆರುನೂರು ಜನ. ಎಲ್ಲವೂ ಬೆಳೆದಿದೆ; ಕಲ್ಲುಮೇಜು ಮಾತ್ರ ಅದೊಂದೇ.

ಅವತ್ತು ಯಜಮಾನರು ಬಾಗಿಲಲ್ಲೇ ನಿಂತು, “ಏನಕ್ಕ, ಮೊಟ್ಟೆಗೆ ಕಾವು ಕೊಡೋ ಹಾಗೆ ಕೂತಿದ್ದೀಯಲ್ಲ! ಲಾರಿ ನಿಂತಿದೆ, ಒತ್ತಿಬಿಡು” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು, ಬಿಸಿಯಲ್ಲೇ ಅಳೆದು ಒತ್ತಿಬಿಟ್ಟೆ. ಐವತ್ತರಲ್ಲಿ ನಲವತ್ತೆಂಟು ಹೋದವು, ಎರಡು ಮಾದರಿಗೆಂದು ನಮ್ಮಲ್ಲೇ ಉಳಿದವು. ಆ ಎರಡನ್ನು ಮರುದಿನ ಅಳೆದರೆ, ಎರಡೂ ಸಣ್ಣ! ಓಡಿಹೋಗಿ ತೋರಿಸಿದೆ. “ಎರಡು ತಾನೇ, ಬಿಸಾಕು” ಎಂದರು.

ಮುಂದಿನ ವಾರ ತಮ್ಮ ಅಮೃತಹಸ್ತದಿಂದಲೇ ಕಂಪನಿಗೆ ‘ಅತಿ ವೇಗದ ಬೆಳವಣಿಗೆ’ಯ ಪ್ರಶಸ್ತಿ ಬಂತು. ನಾನು ತಮಗೆ ಬರೆದ ಮೂರು ಪತ್ರಗಳನ್ನು ತಾವು ‘ಸೂಕ್ತ ಕ್ರಮಕ್ಕಾಗಿ’ ಅದೇ ಕಂಪನಿಗೆ ಕಳಿಸಿದಿರಿ. ಅವರ ಉತ್ತರ: ಪ್ರತಿ ಪಿನ್ನಿನ ದಾಖಲೆಯಲ್ಲೂ ಹತ್ತೊಂಬತ್ತು ವರ್ಷ ಅನುಭವವುಳ್ಳ ಪರಿವೀಕ್ಷಕಿಯ ಮೊಹರಿದೆ, ಆದ್ದರಿಂದ ದೂರಿನಲ್ಲಿ ಹುರುಳಿಲ್ಲ. ಆ ಪರಿವೀಕ್ಷಕಿ ನಾನೇ, ಸ್ವಾಮಿ! ನನ್ನ ಮಾತು ಸುಳ್ಳೆನ್ನುವುದಕ್ಕೆ ನನ್ನನ್ನೇ ಸಾಕ್ಷಿ ಹಾಕಿದ್ದಾರೆ. ಇದನ್ನು ಓದಿಯೂ ತಾವು ‘ಪ್ರಕರಣ ಮುಕ್ತಾಯ’ ಎಂದು ಬರೆದಿರಾ? ಅಥವಾ ಓದಲೇ ಇಲ್ಲವಾ?

“ನೀನು ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ ಕಣೇ” ಎನ್ನುತ್ತಾರೆ ನನ್ನ ಗಂಡ. ನನಗೆ ಭಯವಿರುವುದೇ ಅದಕ್ಕೆ. ಹೆಲಿಕಾಪ್ಟರಿನ ಸದ್ದು ಕೇಳಿದರೆ ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಹೊರಗೆ ಓಡುತ್ತೇನೆ. ಅದು ಕಣ್ಮರೆಯಾಗುವವರೆಗೆ ನೋಡುತ್ತಲೇ ನಿಲ್ಲುತ್ತೇನೆ. ಅದರೊಳಗಿರುವವರು ಯಾರೆಂದೂ ನನಗೆ ಗೊತ್ತಿಲ್ಲ.

ನನ್ನನ್ನು ನಂಬಲೇಬೇಡಿ. ಆ ಹೆಲಿಕಾಪ್ಟರುಗಳನ್ನು ಇಂದೇ ಹಾರದಂತೆ ನಿಲ್ಲಿಸಿ, ಪಿನ್ನು ಕಳಚಿಸಿ, ತಣಿಸಿ, ಅಳೆಸಿ. ಅಳತೆ ಸರಿಯಿದ್ದರೆ ನನ್ನನ್ನು ಹುಚ್ಚಿಯೆಂದು ಇದೇ ಪತ್ರಿಕೆಯಲ್ಲಿ ಹಾಕಿಸಿ; ಖುಷಿಯಿಂದ ಓದುತ್ತೇನೆ. ಇಲ್ಲದಿದ್ದರೆ ಶಿಕ್ಷೆ ಕೊಡಿ, ಅನುಭವಿಸುತ್ತೇನೆ. ಒಂದು ಬಿದ್ದ ಮೇಲೆ ಮೊಹರು ಯಾರದೆಂದು ಹುಡುಕಿಕೊಂಡು ತಾವು ಬಂದೇ ಬರುತ್ತೀರಿ. ದಮ್ಮಯ್ಯ, ಈಗಲೇ ಬನ್ನಿ.

ಇಂತಿ,
ತಪ್ಪೊಪ್ಪಿಕೊಂಡರೂ ಆರೋಪಿಯಾಗಲು ಅರ್ಹತೆ ಸಿಗದ
ಒಬ್ಬ ಪರಿವೀಕ್ಷಕಿ