ಶಕುಂತಲಮ್ಮ ಓದಿ ಹೇಳುವ ಕಾಗದ

ದಾವಣಗೆರೆ
೫ ಅಕ್ಟೋಬರ್ ೧೯೬೧, ಗುರುವಾರ

ಪ್ರೀತಿಯ ಹಜೀರಾಗೆ ನಿನ್ನ ಯಜಮಾನ ಬುಡನ್ ಸಾಬ್ ಮಾಡುವ ದುವಾ ಸಲಾಂ.

ಹೇಗಿದ್ದೀಯಾ? ತಲೆನೋವು ಕಡಿಮೆಯಾಯಿತೇ? ಮಾತ್ರೆ ನುಂಗಿದ ಮೇಲೆ ನಿನಗೆ ಬಾಯಿ ಒಣಗುತ್ತದೆ ಎಂದು ಆಯಾ ಉಚ್ಚಂಗಮ್ಮ ಹೇಳಿದ್ದಳು. ಮಂಚದ ಹತ್ತಿರ ಒಂದು ಲೋಟ ನೀರು ಇಟ್ಟುಕೊಂಡು ಮಲಗು. ಹೊಟ್ಟೆ ತುಂಬ ಉಣ್ಣು. ನಾನು ಚೆನ್ನಾಗಿದ್ದೇನೆ. ದಸರೆ ಹತ್ತಿರ ಬಂತಲ್ಲ, ಕಲಾಯಿಗೆ ಬಂದ ಪಾತ್ರೆಗಳು ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬಿದ್ದಿವೆ. ತಿದಿ ಒತ್ತಿ ಒತ್ತಿ ಬಲಭುಜ ಸ್ವಲ್ಪ ಹಿಡಿದುಕೊಂಡಿದೆ, ಅಷ್ಟೇ. ನೀನು ಕೇಳಲಿಲ್ಲ, ನಾನಾಗಿಯೇ ಹೇಳಿದೆ.

ಈ ಕಾಗದವನ್ನು ನಿನಗೆ ಓದಿ ಹೇಳುತ್ತಿರುವವರು ಶಕುಂತಲಮ್ಮನವರು ಎಂದು ನನಗೆ ಗೊತ್ತು. ನಿನಗೆ ಓದು ಬಾರದು, ವಾರ್ಡಿನಲ್ಲಿ ನಿನ್ನ ಪಕ್ಕದ ಮಂಚ ಅವರದೇ. ಮನೆಯಲ್ಲಿ ನಾವು ಆಡುವುದು ಉರ್ದು. ಹೆಂಡತಿಗೆ ಕಾಗದ ಬರೆಯುವವನು ಮನೆಮಾತಿನಲ್ಲಿ ಬರೆಯಬೇಕಲ್ಲವೇ? ಆದರೆ ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಅದಕ್ಕೇ ಚಿಕ್ಕಂದಿನಲ್ಲಿ ಹರಿಹರದ ಶಾಲೆಯಲ್ಲಿ ಕಲಿತ ಅಕ್ಷರಗಳನ್ನೆಲ್ಲ ನೆನಪು ಮಾಡಿಕೊಂಡು ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ನಾನು 'ಪ್ರೀತಿಯ' ಎಂದು ಬರೆದರೆ ಅದು ಅವಳ ಕಿವಿಗೆ ಬೀಳುವುದು ಇನ್ನೊಬ್ಬರ ದನಿಯಲ್ಲಿ. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೇನಿದೆ ಹೇಳು. ಶಕುಂತಲಮ್ಮನವರೇ, ಈ ಸಾಲನ್ನು ಹಾರಿಸಬೇಡಿ, ಇದನ್ನೂ ಓದಿ.

ನಮ್ಮ ಮಗು ಹೋದ ಮೇಲೆ ನೀನು ಮಾತು ಬಿಟ್ಟೆ. ದರ್ಗಾಕ್ಕೆ ಕರೆದುಕೊಂಡು ಹೋದೆ, ತಾಯಿತ ಕಟ್ಟಿಸಿದೆ. ತುತ್ತು ಮಾಡಿ ಬಾಯಿಗಿಟ್ಟರೆ ತುಟಿ ಬಿಗಿಹಿಡಿಯುತ್ತಿದ್ದೆ. ಕೊನೆಗೆ ಹರಿಹರದ ಸೇತುವೆಯ ಮೇಲೆ ನೀನೊಬ್ಬಳೇ ನಿಂತು ಹೊಳೆ ನೋಡುತ್ತಿದ್ದುದನ್ನು ಗುರುತಿನವರು ಕಂಡು ಕರೆತಂದ ಮೇಲೆ ತಾನೇ ನಿನ್ನನ್ನು ಆಸ್ಪತ್ರೆಗೆ ಸೇರಿಸಿದ್ದು. ಅದು ಹುಚ್ಚಾಸ್ಪತ್ರೆ, ಅಲ್ಲಿ ಸರಪಣಿ ಹಾಕುತ್ತಾರೆ, ಹೊಡೆಯುತ್ತಾರೆ ಎಂದು ಜನ ಹೆದರಿಸಿದ್ದರು. ಆ ದೊಡ್ಡ ಗೇಟಿಗೆ ಬೀಗ ಬಿದ್ದ ಸದ್ದು ಕೇಳಿ ನಾನು ರಸ್ತೆಯ ಬದಿಯಲ್ಲಿ ಕೂತು ಅತ್ತಿದ್ದೆ. ಕಳೆದ ತಿಂಗಳು ಆಸ್ಪತ್ರೆಯ ಅಡುಗೆಮನೆ ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ ಕೇಳಿಕೊಂಡು ಬಂದದ್ದು ಅದಕ್ಕೇ. ಕೆಲಸ ಬರೀ ನೆಪ. ಗಂಡಸರನ್ನು ಹೆಂಗಸರ ವಾರ್ಡಿಗೆ ಬಿಡುವುದಿಲ್ಲ, ಆದರೆ ಅಡುಗೆಮನೆಯ ಹಿಂದಿನ ಬೇವಿನ ಮರದ ಕೆಳಗೆ ಒಲೆ ಹೂಡಿ ಕೂತರೆ ತಂತಿಬಲೆಯ ಆಚೆ ನಿಮ್ಮ ಅಂಗಳವೆಲ್ಲ ಕಾಣುತ್ತದೆ.

ಎಲ್ಲವನ್ನೂ ನೋಡಿದೆ. ಬೆಳಿಗ್ಗೆ ಗಂಟೆ ಹೊಡೆದ ಕೂಡಲೇ ನೀವೆಲ್ಲ ನೀಲಿ ಅಂಚಿನ ಬಿಳಿ ಸೀರೆ ಉಟ್ಟು ಸಾಲಾಗಿ ನಿಲ್ಲುವುದು, ಉಚ್ಚಂಗಮ್ಮ ತಲೆ ಎಣಿಸುವುದು, ಲೆಕ್ಕ ತಪ್ಪಿ ಬೈದುಕೊಳ್ಳುತ್ತ ಮತ್ತೆ ಮೊದಲಿನಿಂದ ಎಣಿಸುವುದು. ನಲ್ಲಿಯ ಹತ್ತಿರ ಒಬ್ಬಾಕೆ ತೊಳೆದ ಕೈಯನ್ನೇ ತೊಳೆಯುತ್ತಿದ್ದಳು. ನೀವು ಯಾರೂ ಅವಳನ್ನು ತಳ್ಳಲಿಲ್ಲ, ಸುಮ್ಮನೆ ನಿಮ್ಮ ಸರದಿಗೆ ಕಾದಿರಿ. ರೈಲಜ್ಜಿ ಎಂದು ನೀವು ಕರೆಯುವ ಮುದುಕಿ ದಿನವಿಡೀ ವರಾಂಡದ ಉದ್ದಕ್ಕೂ ನಡೆಯುತ್ತ 'ಹರಿಹರ ಬಂತು, ಇಳಿಯೋರು ಇಳೀರಿ, ಗಂಟುಮೂಟೆ ನೋಡ್ಕಳ್ರಿ' ಎಂದು ಕೂಗುವಳು. ಮೊದಲ ದಿನ ನನಗೆ ನಗು ಬಂತು, ಆಮೇಲೆ ಆ ಕೂಗಿಗೆ ನಾನೂ ತಲೆ ಎತ್ತಿ ನೋಡತೊಡಗಿದೆ. ಕೀಲಿಕೈ ಗೊಂಚಲಿನ ಸದ್ದಾದರೆ ಎಲ್ಲರ ಮುಖವೂ ಗೇಟಿನ ಕಡೆ ತಿರುಗುತ್ತಿತ್ತು. ಮಧ್ಯಾಹ್ನ ಚಾಪೆ ಹೆಣೆಯುವ ಕೆಲಸ. ಇನ್ನೂ ಬಿಸಿಲಿರುವಾಗಲೇ ರಾತ್ರಿಯ ಊಟ ಮುಗಿಸಿ ಒಳಗೆ ಕಳಿಸಿ ಬೀಗ. ಸರಪಣಿ ನಾನು ಕಾಣಲಿಲ್ಲ, ಬೈಗುಳ ಮಾತ್ರ ಬೇಕಾದಷ್ಟು ಕೇಳಿದೆ. ತಲೆಗೆ ಕರೆಂಟು ಕೊಡುವುದು ಖಾಲಿ ಹೊಟ್ಟೆಯಲ್ಲಂತೆ, ಆ ದಿನ ಬೆಳಿಗ್ಗೆ ಯಾರ ತಟ್ಟೆಗೆ ಗಂಜಿ ಬೀಳುವುದಿಲ್ಲವೋ ಅವರಿಗೆ ತಮ್ಮ ಸರದಿ ಗೊತ್ತಾಗುತ್ತಿತ್ತು. ಖಾಲಿ ತಟ್ಟೆ ಹಿಡಿದುಕೊಂಡೇ ಕೆಲವರು ಅಳುವರು.

ನಿನ್ನ ಸರದಿ ಬಂದ ದಿನ ನಾನು ಉಚ್ಚಂಗಮ್ಮನ ಕೈಕಾಲು ಹಿಡಿದು ವರಾಂಡದ ತುದಿಯವರೆಗೆ ಬಂದಿದ್ದೆ. ನೀನು ಕಣ್ಣು ಬಿಟ್ಟ ಕೂಡಲೇ ಕುಡಿಸಬೇಕೆಂದು ಕೈಯಲ್ಲಿ ಎಳನೀರು ಹಿಡಿದು ನಿಂತಿದ್ದೆ. ನೀನು ಕಣ್ಣು ಬಿಟ್ಟೆ. ನನ್ನನ್ನು ದಾರಿಹೋಕನನ್ನು ನೋಡುವಂತೆ ನೋಡಿದೆ. ಆಮೇಲೆ 'ಶಕುಂತ್ಲಮ್ಮಾರು ಎಲ್ಲಿ' ಎಂದೆ. ಅಷ್ಟು ಕಾಲದ ಮೇಲೆ ನಿನ್ನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ಕರೆಂಟು ಕೊಟ್ಟ ಮೇಲೆ ಸ್ವಲ್ಪ ಹೊತ್ತು ಮರೆವು ಇರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು ಡಾಕ್ಟರು. ಸರಿಯಪ್ಪಾ, ಮರೆಯಲಿ. ಗಂಡನನ್ನು ಮರೆಸುವ ಕರೆಂಟು ಪಕ್ಕದ ಮಂಚದವರನ್ನು ಯಾಕೆ ಮರೆಸಲಿಲ್ಲ? ಎಳನೀರನ್ನು ಹೊರಗೆ ಬಂದು ನಾನೇ ಕುಡಿದೆ.

ಇನ್ನೂ ಇದೆ, ಕೇಳು. ಮನೆಯಲ್ಲಿ ನನ್ನ ಅಕ್ಕ ರಹೀಮುನ್ನೀಸಾ ಬಾಚಣಿಗೆ ಹಿಡಿದು ಬಂದರೆ ಅವಳ ಕೈಯನ್ನು ತಳ್ಳುತ್ತಿದ್ದವಳು ನೀನು. ಅಲ್ಲಿ ಶಕುಂತಲಮ್ಮನವರ ಮುಂದೆ ಕೂತು, ಕಣ್ಣು ಮುಚ್ಚಿಕೊಂಡು, ಹೇನು ಹೆಕ್ಕಿಸಿಕೊಂಡು ಜಡೆ ಹಾಕಿಸಿಕೊಂಡೆ. ನಾನು ದಾವಣಗೆರೆಯಿಂದ ಕಟ್ಟಿಕೊಂಡು ಬಂದ ಖಾರ ಮಂಡಕ್ಕಿಯ ಪೊಟ್ಟಣವನ್ನು ಉಚ್ಚಂಗಮ್ಮ ತಂದುಕೊಟ್ಟರೆ, ಬಿಚ್ಚಿದವಳೇ ಮೊದಲ ಹಿಡಿಯನ್ನು ಅವರಿಗೆ ಹಾಕಿದೆ. ಅವರು ತಿಂದರು. ಚೆನ್ನಾಗಿದೆ ಎಂದು ತಲೆ ಬೇರೆ ಆಡಿಸಿದರು.

ಇದನ್ನೆಲ್ಲ ನುಂಗಿಕೊಂಡೆ. ನುಂಗಲಾರದೆ ಹೋದದ್ದು ಆ ನಗು. ಇಬ್ಬರೂ ಚಾಪೆ ಹೆಣೆಯುತ್ತಿದ್ದಿರಿ. ಅವರು ನಿನ್ನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ನೀನು ಬಾಯಿಗೆ ಸೆರಗು ಅಡ್ಡ ಹಿಡಿದು ಭುಜ ಕುಣಿಯುವಂತೆ ನಕ್ಕೆ. ನಾನು ಸಾರಿನ ದೊಡ್ಡ ಬೋಗುಣಿಯನ್ನು ಕೆಂಡದ ಮೇಲಿಟ್ಟು ತವರ ಸವರುತ್ತಿದ್ದವನು ಕೈ ನಿಲ್ಲಿಸಿ ನೋಡುತ್ತ ಕೂತುಬಿಟ್ಟೆ. ತವರ ಸುಟ್ಟು ಕರಿಯಾಯಿತು. ನನ್ನ ಕೈಯಲ್ಲಿ ಹಾಗೆ ಪಾತ್ರೆ ಕೆಟ್ಟದ್ದೇ ಇಲ್ಲ. ಅಡುಗೆಯವನು ಬಂದು 'ಏನ್ರಿ ಸಾಬ್ರೆ, ನಿಮಗೂ ಇಲ್ಲೇ ಒಂದು ಮಂಚ ಹಾಕಸ್ಬೇಕೇನ್ರಿ' ಎಂದ. ಹಾಕಿಸು ಮಾರಾಯ, ಅವರಿಬ್ಬರ ನಡುವೆಯೇ ಹಾಕಿಸು ಎನ್ನಬೇಕೆನಿಸಿತು. ನಿನ್ನನ್ನು ನಗಿಸಲು ನಾನು ಮಾಡದ ಮಂಗಚೇಷ್ಟೆ ಇಲ್ಲ. ಅವರು ಹೇಳಿದ್ದಾದರೂ ಏನು? ಅಲ್ಲಿದ್ದಷ್ಟು ದಿನ ಅದನ್ನೇ ಯೋಚಿಸಿದೆ, ಈಗಲೂ ಯೋಚಿಸುತ್ತೇನೆ.

ನಾನು ಹೊರಡುವ ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಮಾತ್ರೆ ತಪ್ಪಿಸದಿದ್ದರೆ ಸಾಕು, ಇನ್ನು ಮನೆಗೆ ಹೋಗಬಹುದು ಎಂದರು. ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ನಿನ್ನನ್ನು ಕೇಳಿದರೆ ನೀನು ಬಾಗಿಲ ಹೊರಗೆ ನಿಂತಿದ್ದ ಶಕುಂತಲಮ್ಮನವರನ್ನು ನೋಡಿ, 'ನಾ ಒಲ್ಲೆ, ಇಲ್ಲೇ ಇರ್ತೀನಿ' ಎಂದೆ. ಬಲವಂತ ಬೇಡ, ಸ್ವಲ್ಪ ದಿನ ನೋಡೋಣ ಎಂದು ಡಾಕ್ಟರು ನನ್ನನ್ನು ಕಳಿಸಿದರು. ಹೆಂಡತಿ ತವರಿನಿಂದ ಬರಲೊಲ್ಲೆ ಎಂದರೆ ಹಿರಿಯರನ್ನು ಕೂಡಿಸಿ ನ್ಯಾಯ ಕೇಳಬಹುದು. ಆಸ್ಪತ್ರೆಯಿಂದ ಬರಲೊಲ್ಲೆ ಎಂದರೆ ನಾನು ಯಾರ ಮುಂದೆ ಹೋಗಿ ಹೇಳಿಕೊಳ್ಳಲಿ?

ಮನೆಗೆ ಬಂದರೆ ಮತ್ತೆ ಅದೇ ತೊಟ್ಟಿಲು ಕಣ್ಣಿಗೆ ಬೀಳುತ್ತದೆ ಎಂದು ನಿನಗೆ ಭಯವಿರಬಹುದು. ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೇನೆ. ತೊಲೆಯ ಕೊಂಡಿ ಹಾಗೇ ಇದೆ, ಕೀಳಲು ನನಗೆ ಮನಸ್ಸಾಗಲಿಲ್ಲ. ಅದು ನನಗೂ ಮಗುವೇ ಆಗಿತ್ತು ಹಜೀರಾ. ಅದರ ಮಾತನ್ನು ಆಡಿಕೊಳ್ಳಲು ನನಗೂ ಒಬ್ಬರು ಬೇಕಾಗಿತ್ತು. ನೀನು ಶಕುಂತಲಮ್ಮನವರ ಹತ್ತಿರ ಹೇಳಿಕೊಂಡು ಅತ್ತೆಯಂತೆ. ನಾನು ಮಾತ್ರ ನಿನಗಾಗಿ ಕಾದುಕೊಂಡು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಮೊನ್ನೆ ಹರಿಹರಕ್ಕೆ ಹೋಗಿ ಬಂದೆ, ಒಂದು ಕೆಲಸವಿತ್ತು. ಅಕ್ಕ ನಿನ್ನನ್ನು ಬಹಳ ಕೇಳುತ್ತಾಳೆ. ಉಚ್ಚಂಗಮ್ಮನಿಗೆ ನನ್ನ ಸಲಾಂ ತಿಳಿಸು, ರೈಲಜ್ಜಿಗೂ ತಿಳಿಸು. ಶಕುಂತಲಮ್ಮನವರಿಗೆ ನಮಸ್ಕಾರ, ಒಂದೇ ಒಂದು. ದೇವರು ನಿನಗೆ ಒಳ್ಳೆಯ ನಿದ್ದೆ ಕೊಡಲಿ.

ನಿನ್ನವನೇ ಆದ
ಬುಡನ್ ಸಾಬ್

ತಾ.ಕ.: ಶಕುಂತಲಮ್ಮನವರೇ, ಇಲ್ಲಿಂದ ಕೆಳಗೆ ಗಟ್ಟಿಯಾಗಿ ಓದಬೇಡಿ, ಇದು ನಿಮಗೆ. ಅಂಚೆಗೆ ಹೊತ್ತಾಗುತ್ತಿದೆ. ನಿಮಗೆ ಗುಣವಾಗಿ ಬಹಳ ಕಾಲವಾಯಿತು, ಮನೆಯವರು ಬಂದು ಸಹಿ ಹಾಕದೆ ಬಿಡುವಂತಿಲ್ಲ ಎಂದು ಉಚ್ಚಂಗಮ್ಮ ಹೇಳಿದಳು. ನಾನು ಹರಿಹರಕ್ಕೆ ಹೋದದ್ದು ನಿಮ್ಮ ತಮ್ಮ ಕೆಂಚವೀರಪ್ಪನವರ ಅಕ್ಕಿ ಅಂಗಡಿಗೆ. ಒಳ್ಳೆಯ ಮನಸ್ಸಿನಿಂದ ಹೋಗಲಿಲ್ಲ. ಅವರು ನಿಮ್ಮನ್ನು ಕರೆದೊಯ್ದರೆ ಹಜೀರಾಗೆ ಅಲ್ಲಿ ಯಾರೂ ಇಲ್ಲದಂತಾಗಿ ನನ್ನ ಹತ್ತಿರ ಬರುತ್ತಾಳೆ ಎಂದುಕೊಂಡು ಹೋದೆ. 'ಕೂಡ್ರಿ ಸಾಬ್ರೆ' ಎಂದು ಮರ್ಯಾದೆಯಿಂದಲೇ ಕೂರಿಸಿದರು. ನಿಮ್ಮ ಹೆಸರು ಎತ್ತಿದ ಮೇಲೆ ಎದ್ದು ಬಾಗಿಲು ಮುಂದಕ್ಕೆ ಎಳೆದು, 'ಮಗಳ ಲಗ್ನ ಗೊತ್ತಾಗೈತ್ರಿ, ಅಕ್ಕನ ಸುದ್ದಿ ಈಗ ಬ್ಯಾಡ್ರಿ' ಎಂದರು. ಈಗಲೂ ಬರುವುದಿಲ್ಲ, ಲಗ್ನವಾದ ಮೇಲೂ ಬರುವಂತೆ ಕಾಣಲಿಲ್ಲ. ಇದನ್ನು ನಿಮಗೆ ಯಾರೂ ನೇರವಾಗಿ ಹೇಳಿರಲಿಕ್ಕಿಲ್ಲ. ಬರೆಯುವಾಗ ನನಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ, ಆಗುತ್ತಿಲ್ಲ.

ನಮ್ಮ ಓಣಿಯ ಹಿಂದೆ ಪುಟ್ಟಕ್ಕ ಎಂಬವರು ಮಿಲ್ಲಿನವರಿಗೆ ಖಾನಾವಳಿ ನಡೆಸುತ್ತಾರೆ. ನಿಮ್ಮವರೇ, ಲಿಂಗವಂತರು. ಒಬ್ಬರೇ ಇದ್ದಾರೆ. ಅವರಿಗೆ ಎಲ್ಲ ಹೇಳಿದೆ. 'ಸೋದರತ್ತೆ ಅಂತ ಹೇಳಿ ನಾನೇ ಸಹಿ ಹಾಕ್ತೀನಿ ಬಿಡು, ನನಗೂ ರೊಟ್ಟಿ ಬಡಿಯಾಕೆ ಒಂದು ಕೈ ಬೇಕಾಗೈತೆ' ಎಂದರು. ಬರುವ ಸೋಮವಾರ ಅವರನ್ನು ಕರೆದುಕೊಂಡು ಬರುತ್ತೇನೆ. ನೀವು ಆ ಖಾನಾವಳಿಯಲ್ಲಿದ್ದರೆ ಹಜೀರಾ ದಿನಾ ಹಿತ್ತಲಿಂದ ಹಾದು ನಿಮ್ಮ ಹತ್ತಿರ ಬರುವವಳೇ, ನನ್ನ ಹೊಟ್ಟೆ ಉರಿಯುವುದು ತಪ್ಪಿದ್ದಲ್ಲ. ಉರಿಯಲಿ. ನಾನು ಹೇಳಿದರೆ ಅವಳು ಕೇಳುವುದಿಲ್ಲ, ಮನೆಗೆ ಬರುತ್ತಾಳೋ ಎಂದು ನೀವೇ ಅವಳನ್ನು ಕೇಳಿ. ಹೂಂ ಎಂದರೆ ಇಬ್ಬರೂ ಗಂಟು ಕಟ್ಟಿಕೊಂಡಿರಿ. ಅವಳು ಒಲ್ಲೆ ಎಂದರೆ ನಿಮಗೆ ಕೈಮುಗಿಯುತ್ತೇನೆ ತಾಯಿ, ನೀವೂ ಪುಟ್ಟಕ್ಕನಿಗೆ ಒಲ್ಲೆ ಎಂದುಬಿಡಿ. ಅವಳನ್ನು ಅಲ್ಲಿ ಒಬ್ಬಳೇ ಬಿಟ್ಟು ಬರಬೇಡಿ.